ಕೀಲಿಕೈ ಕೊಟ್ಟವರ ಹೊಣೆ

ಹತ್ತನೆಯ ತರಗತಿಯ ಹುಡುಗನ ಕೈಗೆ ಸ್ಕೂಟರಿನ ಕೀಲಿಕೈ ಕೊಡುವುದು ಅನುಕೂಲಸ್ಥ ಮನೆಗಳಲ್ಲಿ ಇಂದು ತಪ್ಪೆಂದೇ ತೋರುತ್ತಿಲ್ಲ. ಟ್ಯೂಷನ್ ದೂರ, ಹೊತ್ತಿಗೆ ಬಸ್ಸಿಲ್ಲ, ತಂದೆ ಅಂಗಡಿ ಬಿಟ್ಟು ಬರುವಂತಿಲ್ಲ, ಹುಡುಗನಂತೂ ಚೆನ್ನಾಗಿ ಓಡಿಸುತ್ತಾನೆ ಎಂಬ ಸಮರ್ಥನೆಗಳು ಸಿದ್ಧವಾಗಿರುತ್ತವೆ. ಮಗ ಮೊದಲ ಬಾರಿ ಕಾರನ್ನು ಗೇಟಿನಾಚೆ ತೆಗೆದಾಗ ಮನೆಮಂದಿಯೆಲ್ಲ ನಿಂತು ಮೆಚ್ಚುವುದೂ ಉಂಟು.

ಕಾನೂನಿನಲ್ಲಿ ಸಂದಿಗ್ಧವೇನೂ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯಂತೆ ಹದಿನೆಂಟು ತುಂಬದವರು ಸಾರ್ವಜನಿಕ ಸ್ಥಳದಲ್ಲಿ ವಾಹನ ಚಲಾಯಿಸುವಂತಿಲ್ಲ. ಹದಿನಾರು ತುಂಬಿದವರಿಗಿರುವ ವಿನಾಯಿತಿ 50 ಸಿ.ಸಿ. ಮೀರದ ದ್ವಿಚಕ್ರಕ್ಕೆ ಮಾತ್ರ. ಮನೆಗಳಲ್ಲಿರುವ ಪೆಟ್ರೋಲ್ ಸ್ಕೂಟರುಗಳಲ್ಲಿ ಬಹುಪಾಲು 100 ಸಿ.ಸಿ. ದಾಟಿದವು. 2019ರ ತಿದ್ದುಪಡಿಯ ತರುವಾಯ ಅಪ್ರಾಪ್ತನ ಅಪರಾಧಕ್ಕೆ ಪೋಷಕ ಅಥವಾ ವಾಹನದ ಮಾಲೀಕನೇ ಹೊಣೆ: ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ನೋಂದಣಿ ರದ್ದು. ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಇಲ್ಲ. ತಿಳಿಯದೆ ನಡೆಯಿತೆಂದು ಸಾಬೀತುಪಡಿಸಬೇಕಾದವನೂ ತಂದೆಯೇ. ಕೀಲಿಕೈ ಬಾಗಿಲ ಬಳಿಯ ಮೊಳೆಗೆ ತೂಗುವ ಮನೆಯಲ್ಲಿ ಅದು ಸುಲಭವಲ್ಲ. ವ್ಯಾಪಾರಸ್ಥರು ಖಾತೆಯ ಇನ್ನೊಂದು ಪುಟವನ್ನೂ ನೋಡಬೇಕು. ಲೈಸೆನ್ಸಿಲ್ಲದವನು ಅಪಘಾತ ಮಾಡಿದಾಗ ವಿಮಾ ಕಂಪನಿಯು ಸಂತ್ರಸ್ತರಿಗೆ ಪರಿಹಾರ ಕೊಟ್ಟು, ಬಳಿಕ ಆ ಹಣವನ್ನು ಮಾಲೀಕನಿಂದಲೇ ವಸೂಲು ಮಾಡಲು ನ್ಯಾಯಾಲಯಗಳು ಅವಕಾಶ ನೀಡಿವೆ.

ಲೈಸೆನ್ಸ್ ದೊರೆತೊಡನೆ ಅಪಾಯ ಕಳೆಯಿತೆನ್ನುವವರು ಹಿಂದಿನ ಸೀಟನ್ನು ನೋಡಿಲ್ಲ. ಅಮೆರಿಕದ ಎ.ಎ.ಎ. ಪ್ರತಿಷ್ಠಾನವು 2012ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 16–17ರ ವಯಸ್ಸಿನ ಚಾಲಕನೊಡನೆ ಇಪ್ಪತ್ತೊಂದು ತುಂಬದ ಒಬ್ಬ ಜೊತೆಗಾರನಿದ್ದರೆ ಚಾಲಕ ಸಾಯುವ ಸಂಭವ ಪ್ರತಿ ಮೈಲಿಗೆ ಶೇ. 44ರಷ್ಟು ಏರುತ್ತದೆ. ಇಬ್ಬರಿದ್ದರೆ ಇಮ್ಮಡಿ, ಮೂವರೋ ಹೆಚ್ಚೋ ಇದ್ದರೆ ನಾಲ್ಮಡಿ. ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತರೆ ಅದೇ ಅಪಾಯ ಗಣನೀಯವಾಗಿ ಇಳಿಯುತ್ತದೆ. ಓಡಿಸುವ ಕೈ ಅದೇ. ನೋಡುವ ಕಣ್ಣುಗಳು ಬೇರೆ. ಆದ್ದರಿಂದ ಹಿಂದೆ ಕುಳಿತವನ ತಂದೆತಾಯಿಯರೂ ನಿಶ್ಚಿಂತರಾಗಿರುವಂತಿಲ್ಲ. "ಯಾರ ಜೊತೆ ಹೋಗುತ್ತೀಯೆ?" ಎಂದು ಎಲ್ಲರೂ ಕೇಳುತ್ತಾರೆ, "ಓಡಿಸುವವರು ಯಾರು? ಎಷ್ಟು ಜನ?" ಎಂದು ಕೇಳುವವರು ವಿರಳ. ಸಂಕೋಚವಿಲ್ಲದೆ ಕರೆ ಮಾಡಲೆಂದು, ಅರ್ಧರಾತ್ರಿಯಾದರೂ ಗದರದೆ ಹೋಗಿ ಕರೆತರುವುದಾಗಿ ಮಕ್ಕಳಿಗೆ ಮಾತು ಕೊಟ್ಟ ಮನೆಗಳು ಇನ್ನೂ ವಿರಳ.

2024ರ ಮೇ 19ರಂದು ಪುಣೆಯ ಕಲ್ಯಾಣಿನಗರದಲ್ಲಿ ಕಾರೊಂದು ಇಬ್ಬರು ತರುಣ ಎಂಜಿನಿಯರುಗಳ ಪ್ರಾಣ ತೆಗೆಯಿತು. ಓಡಿಸುತ್ತಿದ್ದವನು ಹದಿನೇಳರ ಹುಡುಗನೆಂಬುದು ಪೊಲೀಸರ ಆರೋಪ. ಜಾಮೀನಿಗೆ 300 ಪದಗಳ ಪ್ರಬಂಧದ ಷರತ್ತು ಹಾಕಿದ್ದನ್ನು ದೇಶವೇ ಆಕ್ಷೇಪಿಸಿತು. ಆಕ್ಷೇಪಿಸಿದ ಎಷ್ಟು ಮನೆಗಳವರು ಮರುದಿನ ಮಗನಿಂದ ಕೀಲಿಕೈ ಹಿಂದಕ್ಕೆ ಪಡೆದರು?

ಕೃತ, ಕಾರಿತ, ಅನುಮತ ಎಂಬ ಮೂರನ್ನು ಬಾಲ್ಯದಿಂದ ಕೇಳಿದ ಸಮಾಜಕ್ಕೆ ಹೊಣೆಯ ಪಾಠವನ್ನು ಪೊಲೀಸರು ಹೇಳಬೇಕಾದುದು ವಿಷಾದಕರ. ಕೀಲಿಕೈ ಕೊಟ್ಟವನು ಮಾಡಿಸಿದವನು. ಗೇಟಿನಲ್ಲಿ ನಿಂತು ಮೆಚ್ಚಿದವನು ಒಪ್ಪಿದವನು. ಟ್ರಸ್ಟುಗಳೂ ಇದರಿಂದ ಹೊರತಲ್ಲ. ಉತ್ಸವದ ಬೈಕ್ ಮೆರವಣಿಗೆಯಲ್ಲಿ ಹೆಲ್ಮೆಟ್ಟಿಲ್ಲದ ಹುಡುಗರು ಒಂದು ವಾಹನದ ಮೇಲೆ ಮೂವರಂತೆ ಧ್ವಜ ಹಿಡಿದು ಸಾಗುವಾಗ ಮುಂದೆ ನಡೆಯುವ ಪದಾಧಿಕಾರಿಗಳು ತಿರುಗಿ ನೋಡುವುದಿಲ್ಲ. ಟ್ರಸ್ಟಿನ ಶಾಲೆಯ ಆವರಣದಲ್ಲೂ ವಿದ್ಯಾರ್ಥಿಗಳ ಸ್ಕೂಟರುಗಳಿಗೆ ಜಾಗ ದೊರೆಯುತ್ತದೆ. ಲೈಸೆನ್ಸ್ ತೋರಿಸದವರ ವಾಹನವನ್ನು ಗೇಟಿನೊಳಗೆ ಬಿಡಬಾರದೆಂಬ ಠರಾವಿಗೆ ಹಣ ಬೇಕಿಲ್ಲ, ಒಂದು ಸಭೆ ಸಾಕು. ಬೈಕ್ ಮೆರವಣಿಗೆಯ ಬದಲು ಕಾಲ್ನಡಿಗೆ ಏರ್ಪಡಿಸಲು ಅದೂ ಬೇಕಿಲ್ಲ.