ಸೈಕಲ್ಲಿಗೊಂದು ಕೀಲಿ

ಕಳೆದ ಶ್ರಾವಣದ ಒಂದು ಮುಂಜಾನೆ, ಮಳೆ ಹಿಡಿದ ಪಟ್ಟು ಬಿಡದೆ ಸುರಿಯುತ್ತಿರುವಾಗ, ವಾಸ್ಕೋದಲ್ಲಿ ನಮ್ಮ ಬಿಡಾರದ ಮಗ್ಗುಲಲ್ಲಿರುವ ಗದಗ ಕಡೆಯ ಗೃಹಸ್ಥರೊಬ್ಬರು ಬಾಗಿಲಿಗೆ ಬಂದು ನಿಂತರು. ಅವರ ಕೈಯಲ್ಲಿ ಒಂದು ತಂತಿಯಿತ್ತು. ಅದರ ಎರಡು ತುದಿಗಳನ್ನು ಕೂಡಿಸಿದ ಬೀಗ ಹಾಕಿದ್ದು ಹಾಕಿದಂತೆಯೇ ಇದ್ದು, ತಂತಿ ಮಾತ್ರ ನಟ್ಟನಡುವೆ ತುಂಡಾಗಿತ್ತು. "ಕೀಲಿ ಹಾಕಿತ್ರೀ ಮಾಸ್ತರ, ಆದರ ಕಳ್ಳಗ ಕೀಲಿಕೈ ಬೇಕಾಗಲೇ ಇಲ್ಲ ನೋಡ್ರಿ" ಎಂದರು. ಅವರ ಮಗನ ಸೈಕಲ್ಲು ಹೋಗಿತ್ತು.

ಆ ಹುಡುಗನನ್ನು ನಾವು ಚಿಕ್ಕಂದಿನಿಂದ ಬಲ್ಲೆವು. ವೆರ್ಣಾ ಕೈಗಾರಿಕಾ ವಸಾಹತಿನ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ. ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ ಬಸ್ಸು ಸಿಗದೆಂದು, ವರ್ಷವಿಡೀ ಉಳಿಸಿದ ಹಣಕ್ಕೆ ಒಂದಿಷ್ಟು ಕಂತಿನ ಸಾಲ ಸೇರಿಸಿ, ಮೂವತ್ತನಾಲ್ಕು ಸಾವಿರ ರೂಪಾಯಿಯ ಗೇರಿನ ಸೈಕಲ್ಲು ಕೊಂಡಿದ್ದನು. ಅದಕ್ಕೆ ಹಾಕಿದ ಕೀಲಿಯ ಬೆಲೆ ಇನ್ನೂರೈವತ್ತು. ಕಂತು ಇನ್ನೂ ಐದು ತಿಂಗಳದು ಬಾಕಿಯಿತ್ತು. ಸೈಕಲ್ಲು ಹೋದರೂ ಕಂತು ಹೋಗುವುದಿಲ್ಲವಷ್ಟೆ!

ಅಪ್ಪನಾದವರು ಮೂವತ್ತು ವರ್ಷಗಳ ಹಿಂದೆ ಗೌಂಡಿ ಕೆಲಸಕ್ಕೆಂದು ಗೋವೆಗೆ ಬಂದಾಗ ಊರಿನಿಂದ ಒಂದು ಅಟ್ಲಾಸ್ ಸೈಕಲ್ಲನ್ನು ರೈಲಿಗೆ ಹಾಕಿ ತಂದಿದ್ದರು. ಹಿಂದಿನ ಗಾಲಿಯ ಕಡ್ಡಿಗಳ ನಡುವೆ ತೂರಿಕೊಳ್ಳುವ ಒಂದು ಬಳೆಯಂಥ ಬೀಗ, ಅದಕ್ಕೊಂದು ತಗಡಿನ ಕೀಲಿಕೈ. ಅಷ್ಟರ ಮೇಲೆ ಆ ಸೈಕಲ್ಲು ಇಪ್ಪತ್ತು ವರ್ಷ ಬೈಣಾದ ಓಣಿಯಲ್ಲಿ ಮಳೆಬಿಸಿಲು ಉಂಡಿತು, ಯಾರೂ ಮುಟ್ಟಲಿಲ್ಲ. ಆದ್ದರಿಂದಲೇ "ಕೀಲಿಗೆ ಅಷ್ಟು ರೊಕ್ಕ ಯಾಕ?" ಎಂದು ಮಗನಿಗೆ ಅಂದು ಹೇಳಿದವರು ತಾವೇ ಎಂಬುದು ಅವರನ್ನು ಈಗ ಕೊರೆಯುತ್ತಿತ್ತು.

ಅವರದು ತಪ್ಪೆಂದು ನಮಗೆ ತೋರುವುದಿಲ್ಲ. ಬಳೆಬೀಗವು ಗಾಲಿ ತಿರುಗದಂತೆ ತಡೆಯುತ್ತದೆಯೇ ಹೊರತು ಸೈಕಲ್ಲನ್ನು ಯಾವುದಕ್ಕೂ ಕಟ್ಟಿಹಾಕುವುದಿಲ್ಲ. ಹಳೆಯ ಕರಿಯ ಸೈಕಲ್ಲು ಇಪ್ಪತ್ತು ಕಿಲೋದ ಆಸುಪಾಸಿನ ಭಾರ. ಹೆಗಲ ಮೇಲೆ ಹೊತ್ತು ಓಡುವವನನ್ನು ಓಣಿಯ ನಾಯಿಯೂ ಕೇಳದೆ ಬಿಡುತ್ತಿರಲಿಲ್ಲ. ಮೇಲಾಗಿ ಅದು ಯಾರದೆಂಬುದು ಓಣಿಗೆಲ್ಲ ಗೊತ್ತಿತ್ತು. ನಮ್ಮ ಕಡೆ ಹಿಂದೆ ಪುರಸಭೆಯವರು ವರ್ಷಕ್ಕೊಮ್ಮೆ ಸೈಕಲ್ಲಿಗೆ ಕರ ಕಟ್ಟಿಸಿಕೊಂಡು ತಗಡಿನ ಬಿಲ್ಲೆ ಕೊಡುತ್ತಿದ್ದುದನ್ನು ಹಿರಿಯ ವಾಚಕರು ಮರೆತಿರಲಾರರು. ಆ ಬಿಲ್ಲೆಯನ್ನು ನಾವೆಲ್ಲ ಶಪಿಸಿದ್ದೇ ಹೆಚ್ಚು. ಆದರೆ ಸೈಕಲ್ಲಿಗೊಂದು ಗುರುತು, ಕಚೇರಿಯ ಪುಸ್ತಕದಲ್ಲಿ ಒಡೆಯನದೊಂದು ಹೆಸರು ಅದರಿಂದ ಇರುತ್ತಿತ್ತು. ಇಂದಿನ ಗೇರಿನ ಸೈಕಲ್ಲು ಹನ್ನೆರಡು ಹದಿಮೂರು ಕಿಲೋ, ಅದಕ್ಕೆ ಬಿಲ್ಲೆಯೂ ಇಲ್ಲ. ಗಾಲಿಗಳೋ ಒಂದು ಸನ್ನೆ ತಿರುವಿದರೆ ಕೈಗೆ ಬರುವಂಥವು. ಸವಾರನ ಅನುಕೂಲಕ್ಕೆಂದು ಮಾಡಿದ್ದು ಕಳ್ಳನಿಗೂ ಅನುಕೂಲವೇ.

ಅಂದು ಮಧ್ಯಾಹ್ನ ಅವರ ಜೊತೆಗೆ ಪೊಲೀಸ್ ಠಾಣೆಗೆ ನಾವೂ ಹೋದೆವು. ಅಲ್ಲಿದ್ದವರು ಮರ್ಯಾದೆಯಿಂದಲೇ ಮಾತನಾಡಿಸಿ, ಸೈಕಲ್ಲಿನ ನಂಬರು ಕೇಳಿದರು. ಸೈಕಲ್ಲಿಗೆ ನಂಬರು ಉಂಟೆಂಬುದೇ ತಂದೆಮಕ್ಕಳಿಬ್ಬರಿಗೂ ಗೊತ್ತಿರಲಿಲ್ಲ. ರಸೀದಿಯಲ್ಲಿ "ಸೈಕಲ್ 1" ಎಂದಷ್ಟೇ ಬರೆದಿತ್ತು. "ನೀಲಿ ಬಣ್ಣದ್ದು" ಎಂದನು ಹುಡುಗ. ಬರೆದುಕೊಳ್ಳುತ್ತಿದ್ದವರು ಲೇಖನಿ ಎತ್ತಿ ಅವನ ಮುಖ ನೋಡಿದರು. ಗೋವೆಯಲ್ಲಿ ನೀಲಿ ಬಣ್ಣದ ಸೈಕಲ್ಲುಗಳೆಷ್ಟಿಲ್ಲ!

ಆ ನಂಬರು ಇರುವುದು ಪೆಡಲುಗಳ ನಡುವಣ ದಪ್ಪ ಕೊಳವೆಯ ಅಡಿಯಲ್ಲಿ. ಸೈಕಲ್ಲನ್ನು ತಲೆಕೆಳಗು ಮಾಡಿ ಕೆಸರು ಒರೆಸಿದರೆ ಲೋಹದಲ್ಲಿ ಒತ್ತಿದ ಅಕ್ಷರಗಳು ಕಾಣುತ್ತವೆ. ಅದರ ಮೇಲೆ ತೆಳುವಾದ ಕಾಗದವಿಟ್ಟು ಸೀಸದಕಡ್ಡಿಯಿಂದ ಉಜ್ಜಿದರೆ ಅಚ್ಚು ಮೂಡುತ್ತದೆ; ಫೋನಿನಲ್ಲಿ ಚಿತ್ರ ತೆಗೆದರೂ ಆದೀತು. ಕೊಳ್ಳುವಾಗಲೇ ಅಂಗಡಿಯವರಿಂದ ಆ ನಂಬರನ್ನು ರಸೀದಿಯಲ್ಲಿ ಬರೆಯಿಸಿಕೊಳ್ಳುವುದು ಎಲ್ಲಕ್ಕಿಂತ ಮೇಲು. ಬೆಲೆಯೂ ಸ್ಪಷ್ಟವಾಗಿರಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನ ಪ್ರಕಾರ, ಕದ್ದ ವಸ್ತುವಿನ ಬೆಲೆ 5000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಸಲದ ಅಪರಾಧಿ ವಸ್ತುವನ್ನೋ ಬೆಲೆಯನ್ನೋ ಹಿಂತಿರುಗಿಸಿದರೆ, ಸಮುದಾಯ ಸೇವೆಯೇ ಶಿಕ್ಷೆ. ಮೂವತ್ತನಾಲ್ಕು ಸಾವಿರದ ಸೈಕಲ್ಲು ಕಾಗದದಲ್ಲಿ ಬರಿಯ "ಸೈಕಲ್ 1" ಆಗಬಾರದು. ಅಂದೇ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಂತೆ, ಕಳವು ಎಲ್ಲಿಯೇ ಆಗಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಲೋಂಢಾದಲ್ಲಿ ಕಳೆದುಕೊಂಡು ಮಡಗಾಂವದಲ್ಲಿ ಇಳಿಯುವ ನಮ್ಮಂಥವರು ಇದನ್ನು ನೆನಪಿಟ್ಟಿರಬೇಕು.

ರಸೀದಿಯ ಬಗೆಗೆ ಇಷ್ಟು ಒತ್ತಿ ಹೇಳಲು ಇನ್ನೊಂದು ಕಾರಣವೂ ಉಂಟು. ಅದನ್ನು ಬರೆಯಲೋ ಬೇಡವೋ ಎಂದು ಹಿಂದುಮುಂದು ನೋಡಿ ಬರೆಯುತ್ತಿದ್ದೇವೆ. ಘಟ್ಟ ಇಳಿದು ಬಂದ ನಮ್ಮನ್ನು ಇಲ್ಲಿ ಕೆಲವರು "ಘಾಟಿ" ಎನ್ನುವುದು ಯಾವ ವಾಚಕರಿಗೆ ತಿಳಿಯದು? ದುಡಿಯುವ ಹುಡುಗನೊಬ್ಬ ಮಾಸಿದ ಅಂಗಿಯಲ್ಲಿ, ಹೊಳೆಯುವ ಸೈಕಲ್ಲಿನ ಮೇಲೆ ರಾತ್ರಿ ಎರಡು ಗಂಟೆಗೆ ಹೋಗುತ್ತಿದ್ದರೆ, "ಇದು ಯಾರದು?" ಎಂಬ ಪ್ರಶ್ನೆ ಅವನಿಗೆ ಬೇಗ ಎದುರಾಗುತ್ತದೆ. ನೆರೆಯವರ ಮಗನನ್ನು ಹಾಗೆ ಎರಡು ಬಾರಿ ನಿಲ್ಲಿಸಿ ಕೇಳಿದ್ದರಂತೆ. ಸೈಕಲ್ಲು ತನ್ನದಾಗಿದ್ದಾಗ ತನ್ನದೆಂದು ತೋರಿಸಲೂ ಆಗಲಿಲ್ಲ, ಕಳುವಾದಾಗ ತನ್ನದಿತ್ತೆಂದು ತೋರಿಸಲೂ ಆಗಲಿಲ್ಲ. ಕಣ್ಣಲ್ಲಿ ನೀರು ತಂದುಕೊಂಡು ಅವನು ಹೇಳಿದ್ದು ಇದನ್ನೇ, ಹಣದ ಮಾತನ್ನಲ್ಲ.

ಇಟಲಿಯ ವಿತ್ತೋರಿಯೊ ದೆ ಸಿಕಾ 1948ರಲ್ಲಿ ತೆಗೆದ 'ಬೈಸಿಕಲ್ ಥೀವ್ಸ್' ಚಿತ್ರ ನಮಗೆ ಆಗ ನೆನಪಾಯಿತು. ಅಡವಿಟ್ಟ ಸೈಕಲ್ಲನ್ನು ಬಿಡಿಸಲು ಹೆಂಡತಿ ಮನೆಯ ಹಾಸಿಗೆಯ ಚಾದರಗಳನ್ನು ಒತ್ತೆಯಿಡುತ್ತಾಳೆ. ಗೋಡೆಗೆ ಭಿತ್ತಿಪತ್ರ ಅಂಟಿಸುವ ಕೆಲಸದ ಮೊದಲ ದಿನವೇ, ಗಂಡ ಏಣಿಯ ಮೇಲಿರುವಾಗ ಸೈಕಲ್ಲು ಕಳುವಾಗುತ್ತದೆ. 1952ರಲ್ಲಿ ಮುಂಬಯಿಯಲ್ಲಿ ನಡೆದ ನಮ್ಮ ದೇಶದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅದನ್ನು ತೋರಿಸಿದ್ದರು. ಅದೇ ಉತ್ಸವ 2004ರಿಂದ ನಮ್ಮ ಪಣಜಿಗೆ ಬಂದು ನೆಲೆಸಿದೆ. ಸೈಕಲ್ಲೆಂದರೆ ಕೆಲವರಿಗೆ ವ್ಯಾಯಾಮ, ಕೆಲವರಿಗೆ ನೌಕರಿಯ ಅರ್ಧ ಭಾಗ.

ಇರಲಿ. ಎರಡು ತಿಂಗಳು ಕಾದು, ಹೋದದ್ದು ಬಾರದೆಂದು ಖಾತ್ರಿಯಾದ ಬಳಿಕ, ಸ್ವಲ್ಪ ಕಡಿಮೆ ಬೆಲೆಯ ಇನ್ನೊಂದು ಸೈಕಲ್ಲು ಕೊಳ್ಳುವುದೆಂದಾಯಿತು. ಈ ಸಲ ಅಪ್ಪನವರು "ಮೊದಲು ಕೀಲಿ, ಆಮ್ಯಾಲ ಸೈಕಲ್ಲು" ಎಂದು ಹಟ ಹಿಡಿದರು. ಮಡಗಾಂವದ ಅಂಗಡಿಗೆ ಮೂವರೂ ಹೋದೆವು. ಅಂಗಡಿಯವರು ಕೊಂಕಣಿಯಲ್ಲಿ "ಕುಲೂಪ್" ಎಂದರು, ನಾವು ಧಾರವಾಡದ ರೂಢಿಯಂತೆ "ಕೀಲಿ" ಎಂದೆವು. ಮೈಸೂರು ಕಡೆಯವರಾಗಿದ್ದರೆ "ಬೀಗ" ಎನ್ನುತ್ತಿದ್ದರು. ತೆರೆಯುವ "ಚಾವಿ"ಯ ವಿಷಯದಲ್ಲಿ ಮಾತ್ರ ಭಿನ್ನಮತವಿಲ್ಲ. ಅದು ಪೋರ್ತುಗೀಜರು ಬಿಟ್ಟುಹೋದ ಮಾತು, ನಮ್ಮ ಕಡೆಗೂ ಘಟ್ಟ ಹತ್ತಿ ಬಂದಿದೆ.

ಮೊದಲು ಕಂಡದ್ದು ಗೋಡೆತುಂಬ ತೂಗುಬಿಟ್ಟ ಬಣ್ಣಬಣ್ಣದ ತಂತಿಗಳು. ಇವು ದಪ್ಪವಾಗಿ ಕಾಣುವುದು ಪ್ಲಾಸ್ಟಿಕ್ಕಿನಿಂದ. ಒಳಗಿರುವುದು ಹೆಣೆದ ಸಣ್ಣ ಎಳೆಗಳು, ಸಾಧಾರಣ ಕತ್ತರಿಗೆ ಒಂದೊಂದಾಗಿ ಸೋಲುತ್ತವೆ. ನಂಬರು ತಿರುಗಿಸುವ ಅಗ್ಗದ ಬೀಗಗಳೂ ಇದ್ದವು. ಚಾವಿ ಕಳೆಯುವ ಭಯ ಇವುಗಳಿಗಿಲ್ಲ, ನಿಜ. ಆದರೆ ಎಳೆದು ಹಿಡಿದು ಚಕ್ರಗಳನ್ನು ಮೆಲ್ಲಗೆ ತಿರುವಿದರೆ ಹಲವು ಬೀಗಗಳು ತಮ್ಮ ಗುಟ್ಟನ್ನು ಬೆರಳಿಗೆ ತಾವೇ ಹೇಳಿಬಿಡುತ್ತವೆ. ಇಂಥವನ್ನು ಅಂಗಡಿಯ ಮುಂದೆ ಐದು ನಿಮಿಷ ನಿಲ್ಲಿಸುವಾಗ ಬಳಸಬಹುದು, ರಾತ್ರಿಗಲ್ಲ.

ನಮ್ಮ ಮನಸ್ಸು ನಿಂತದ್ದು ಕುದುರೆಲಾಳದ ಆಕಾರದ ಉಕ್ಕಿನ ಬೀಗದ ಮೇಲೆ. ಅಮೆರಿಕದಲ್ಲಿ 1970ರ ದಶಕದ ಆರಂಭದಲ್ಲಿ ಕ್ರಿಪ್ಟೊನೈಟ್ ಕಂಪನಿಯವರು ಇಂಥ ಬೀಗ ಹಾಕಿದ ಒಂದು ಸೈಕಲ್ಲನ್ನು ನ್ಯೂಯಾರ್ಕಿನ ಬೀದಿಯ ಕಂಬಕ್ಕೆ ಕಟ್ಟಿ ಮೂವತ್ತು ದಿನ ಬಿಟ್ಟಿದ್ದರಂತೆ. ಕಳ್ಳರು ಬಿಚ್ಚಬಹುದಾದುದನ್ನೆಲ್ಲ ಬಿಚ್ಚಿಕೊಂಡು ಹೋದರು. ಬೀಗವೂ, ಬೀಗ ಹಿಡಿದುಕೊಂಡ ಭಾಗವೂ ಮಾತ್ರ ಅಲ್ಲಿಯೇ ಉಳಿದವು. ಆದರೆ 2004ರಲ್ಲಿ ಅದೇ ಕಂಪನಿಯ ದುಂಡು ಚಾವಿಯ ಬೀಗಗಳು ಅಗ್ಗದ ಬಾಲ್ ಪೆನ್ನಿನ ಕೊಳವೆ ತುರುಕಿದರೆ ತೆರೆಯುತ್ತವೆಂಬುದು ಜಗಜ್ಜಾಹೀರಾಗಿ, ಕಂಪನಿಯವರು ಬೀಗಗಳನ್ನು ಬದಲಾಯಿಸಿ ಕೊಡಬೇಕಾಯಿತು. ದುಂಡು ಚಾವಿಯ ಅಗ್ಗದ ಬೀಗಗಳು ಇಂದಿಗೂ ಪೇಟೆಯಲ್ಲಿವೆ. ಅವನ್ನು ದೂರವಿಟ್ಟು ಚಪ್ಪಟೆ ಚಾವಿಯದನ್ನೇ ಕೇಳಿರಿ.

ಲಾಳದ ಕಂಬಿ ಹದಿಮೂರು ಮಿಲಿಮೀಟರಿಗೆ ಕಡಿಮೆ ದಪ್ಪವಿರಬಾರದು. ಹದಿನಾರಿದ್ದರೆ ಕೈಕತ್ತರಿ ಸುಲಭವಾಗಿ ಬಾಯಿ ಹಾಕಲಾರದು. ಕಂಬಿಯ ಎರಡು ಕಾಲುಗಳನ್ನೂ ಬೀಗ ಹಿಡಿಯುವಂತಿದ್ದರೆ ಒಂದೆಡೆ ಕತ್ತರಿಸಿದರೂ ಅದು ತಿರುಗಿ ಬಿಡಿಸಿಕೊಳ್ಳುವುದಿಲ್ಲ. ಲಾಳ ಅಗಲವಾದಷ್ಟೂ ಒಳಗೆ ಹಾರೆ ತೂರಿಸಿ ಮೀಟಲು ಎಡೆಯಾಗುವುದರಿಂದ ಚಿಕ್ಕದೇ ಲೇಸು. ಬ್ರಿಟನ್ನಿನ ಸೋಲ್ಡ್ ಸೆಕ್ಯೂರ್ ಎಂಬ ಸಂಸ್ಥೆ ಬೀಗಗಳನ್ನು ಮುರಿದು ನೋಡಿ ಕಂಚು, ಬೆಳ್ಳಿ, ಚಿನ್ನ, ವಜ್ರ ಎಂದು ದರ್ಜೆ ಕೊಡುತ್ತದೆ. ಆ ಮುದ್ರೆ ಇದ್ದುದು ಸಿಕ್ಕರೆ ಒಳ್ಳೆಯದು. ಬ್ಯಾಟರಿಯಿಂದ ತಿರುಗುವ ಕೊಯ್ಯುವ ಚಕ್ರದ ಎದುರು ಬಹುತೇಕ ಬೀಗಗಳು ಕೆಲವು ನಿಮಿಷ ನಿಂತಾವು, ಅಷ್ಟೇ. ಆದರೆ ಆ ಚಕ್ರದ ಕೂಗು ಓಣಿಯನ್ನೆಲ್ಲ ಎಬ್ಬಿಸೀತು. ತಂತಿ ತುಂಡಾದ ರಾತ್ರಿ ನಮಗೆ ಮಳೆಯ ಸದ್ದಲ್ಲದೆ ಬೇರೇನೂ ಕೇಳಿರಲಿಲ್ಲ.

ಸೈಕಲ್ಲಿನ ಬೆಲೆಯ ಹತ್ತರಲ್ಲೊಂದು ಪಾಲು ಬೀಗಕ್ಕೆ ಎಂಬ ಲೆಕ್ಕವನ್ನು ಕೆಲವರು ಹೇಳುತ್ತಾರೆ. ಅದನ್ನು ನಾವು ಅಷ್ಟಾಗಿ ನಂಬುವುದಿಲ್ಲ. ಸೈಕಲ್ಲು ರಾತ್ರಿ ಎಲ್ಲಿ ಮಲಗುತ್ತದೆ ಎಂಬುದರ ಮೇಲೆ ಬೀಗ ನಿರ್ಧಾರವಾಗಬೇಕು. ಮನೆಯೊಳಗೆ ಜಾಗವಿದ್ದವರಿಗೆ ಸಾಧಾರಣ ಬೀಗ ಸಾಕು. ನಮ್ಮವರಲ್ಲಿ ಬಹಳ ಜನರ ಬಿಡಾರವೆಂದರೆ ಒಂದೇ ಕೋಣೆ, ಅದರಲ್ಲಿ ಐದು ಜನ. ಸೈಕಲ್ಲಿಗೆ ಹೊರಗಿನ ಜಗಲಿಯೇ ಗತಿ. ಅಂಥವರು ಬಡವರೆಂದೇ ಹೆಚ್ಚಿನ ಬೀಗ ಕೊಳ್ಳಬೇಕಾಗುವುದು ಲೋಕದ ಅನ್ಯಾಯಗಳಲ್ಲೊಂದು. ನೆರೆಯವರು ಎರಡು ಸಾವಿರದ ಲಾಳದ ಬೀಗವನ್ನೂ, ಮನೆಯಲ್ಲೇ ಇಡಲು ಹತ್ತು ಮಿಲಿಮೀಟರು ಕೊಂಡಿಯ ಒಂದು ಗಟ್ಟಿ ಸರಪಳಿಯನ್ನೂ ಕೊಂಡರು. ಸರಪಳಿ ಮೂರು ಕಿಲೋಕ್ಕೂ ಮೇಲೆ ತೂಗಿತು. ಹೊತ್ತುಕೊಂಡು ತಿರುಗುವುದಲ್ಲವಾದ್ದರಿಂದ ಭಾರವೇ ಅದರ ಗುಣ.

ಯಾವುದಕ್ಕೆ ಕಟ್ಟುವುದು? ಹಿಂದೆ ಕಟ್ಟಿದ್ದು ಕಿಟಕಿಯ ಸರಳಿಗೆ; ಆ ಚೌಕಟ್ಟು ನಿಂತಿದ್ದು ನಾಲ್ಕು ಸ್ಕ್ರೂಗಳ ಮೇಲೆ. ಗೌಂಡಿಯಾದ ಅಪ್ಪನವರು ಈಗ ಮಾಲೀಕರ ಅನುಮತಿ ಪಡೆದು ಜಗಲಿಯ ಮೂಲೆಯಲ್ಲಿ ಗುಂಡಿ ತೋಡಿ, ಕಬ್ಬಿಣದ ದಪ್ಪ ಬಳೆಯೊಂದನ್ನು ಕಾಂಕ್ರೀಟಿನಲ್ಲಿ ತಾವೇ ನೆಟ್ಟರು. ಪೇಟೆಯಲ್ಲಾದರೆ ತಲೆಯ ಮೇಲೆ ಅಗಲವಾದ ಫಲಕವಿಲ್ಲದ ಗಿಡ್ಡ ಕಂಬಕ್ಕೆ ಕಟ್ಟಬಾರದು, ಸೈಕಲ್ಲನ್ನು ಬೀಗಸಹಿತ ಮೇಲೆತ್ತಿ ತೆಗೆದಾರು. ಲಾಳವನ್ನು ಹಿಂದಿನ ಗಾಲಿಯ ಮೂಲಕ, ಸೀಟಿನ ಕೆಳಗಣ ಹಿಂಬದಿಯ ತ್ರಿಕೋನದೊಳಗೆ ಹಾಯಿಸಿ ಕಂಬಕ್ಕೆ ಹಾಕಿದರೆ ಗಾಲಿ, ಚೌಕಟ್ಟು ಎರಡೂ ಒಟ್ಟಿಗೆ ಸಿಕ್ಕಿಕೊಳ್ಳುತ್ತವೆ. ಬೀಗ ನೆಲಕ್ಕೆ ತಾಗಿರಬಾರದು. ಕತ್ತರಿಯ ಒಂದು ಹಿಡಿಯನ್ನು ನೆಲಕ್ಕೆ ಊರಿ ಇನ್ನೊಂದರ ಮೇಲೆ ಮೈಭಾರ ಹಾಕಲು ಅದು ಅನುಕೂಲ.

ಗೋವೆಯ ಉಪ್ಪುಗಾಳಿಯೂ ಜೂನಿನಿಂದ ಸೆಪ್ಟೆಂಬರಿನವರೆಗಿನ ಮಳೆಯೂ ಯಾವ ಕಳ್ಳನಿಗೂ ಕಡಿಮೆಯಲ್ಲ. ಚಾವಿಯ ತೂತು ಕೆಳಮುಖವಾಗಿರಲಿ. ತಿಂಗಳಿಗೊಮ್ಮೆ ಹೊಲಿಗೆಯಂತ್ರದ ತೆಳು ಎಣ್ಣೆಯ ಎರಡು ಹನಿಯನ್ನೋ ಗ್ರಾಫೈಟಿನ ಪುಡಿಯನ್ನೋ ಹಾಕಿರಿ. ಅಡಿಗೆಮನೆಯಿಂದ ಕೊಬ್ಬರಿ ಎಣ್ಣೆ ತಂದು ಸುರಿಯುವುದು ನಮ್ಮವರ ಅಭ್ಯಾಸ. ಅದು ದಿನಕಳೆದಂತೆ ಅಂಟಾಗಿ ಧೂಳು ಹಿಡಿದು ಬೀಗವನ್ನೇ ಕಟ್ಟಿಹಾಕುತ್ತದೆ.

ಹೊಸ ರಸೀದಿಯಲ್ಲಿ ಈ ಸಲ ನಂಬರು ಬರೆಯಿಸಿಕೊಂಡೆವು. ಹುಡುಗ ಅದರ ಚಿತ್ರವನ್ನು ಫೋನಿನಲ್ಲಿಟ್ಟುಕೊಂಡಿದ್ದಾನೆ. ಮೊನ್ನೆ ರಾತ್ರಿ ಪಾಳಿಯಿಂದ ಬರುವಾಗ ಯಾರೋ ನಿಲ್ಲಿಸಿ ಕೇಳಿದರಂತೆ. ತೋರಿಸಿದನು, ಬಿಟ್ಟರು. ಬೀಗದ ಜೊತೆ ಬಂದ ಎರಡನೆಯ ಚಾವಿಯನ್ನು ಎಲ್ಲಿಡುವುದೆಂದು ಆ ಮನೆಯಲ್ಲಿ ಒಂದು ದಿನವಿಡೀ ಚರ್ಚೆಯಾಯಿತು. ಕೊನೆಗೆ ತಾಯಿಯವರು ಅದನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹಾಕಿ, ಎಲ್ಲಿಟ್ಟಿದ್ದೇನೆಂದು ಗಂಡನಿಗೆ ಹೇಳಲಿಲ್ಲ.