ಕೇಳದೆ ತೆಗೆದರೆ ಏನಂತೆ?

ಲಂಚ ತಗೊಂಡ ಗುಮಾಸ್ತನೊಬ್ಬ ಲೋಕಾಯುಕ್ತರ ಬಲೆಗೆ ಬಿದ್ದ ಸುದ್ದಿ ಬಂದಾಗಲೆಲ್ಲ ನಮ್ಮ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಂದೇ ಮಾತು. "ಅಮಾನತು ಯಾಕೆ? ವಿಚಾರಣೆ ಯಾಕೆ? ಇವತ್ತೇ ಮನೆಗೆ ಕಳಿಸ್ರೋ. ನಮ್ಮ ಕಂಪನಿ ಆಗಿದ್ರೆ ಸಂಜೆಯೊಳಗೆ ಐಡಿ ಕಾರ್ಡ್ ಕಿತ್ಕೋತಿದ್ರು." ಅದರ ಕೆಳಗೆ ಹತ್ತು ಹೆಬ್ಬೆರಳು.

ಅದರಲ್ಲಿ ಒಂದು ಹೆಬ್ಬೆರಳು ನನ್ನದೂ ಆಗಿತ್ತು. ಖಾತೆ ಬದಲಾವಣೆಗೆ ತಿಂಗಳುಗಟ್ಟಲೆ ಅಲೆದವನಿಗೆ ಆ ಸಿಟ್ಟು ಸುಳ್ಳಲ್ಲ ಕಣ್ರೀ. ಆದರೆ ಈಗ ಒತ್ತೋದನ್ನ ಬಿಟ್ಟಿದ್ದೇನೆ. ಯಾಕೆ ಅಂತ ಹೇಳ್ತೀನಿ, ಕೇಳಿ.

ಮೊದಲು ಕಾನೂನು ಏನನ್ನುತ್ತೆ ನೋಡೋಣ. "ಸರ್ಕಾರಿ ನೌಕರನನ್ನ ತೆಗೆಯೋಕೇ ಆಗಲ್ಲ" ಅನ್ನೋದು ನಾವೆಲ್ಲ ನಂಬಿಕೊಂಡಿರೋ ಸುಳ್ಳು. ಸಂವಿಧಾನದ 310ನೇ ವಿಧಿಯ ಪ್ರಕಾರ ಅವನು ಕೆಲಸದಲ್ಲಿ ಇರೋದೇ ರಾಷ್ಟ್ರಪತಿ ಅಥವಾ ರಾಜ್ಯಪಾಲರ ಮರ್ಜಿ ಇರೋವರೆಗೆ. ಇದು ಬ್ರಿಟಿಷ್ ದೊರೆಗಳ ಕಾಲದಿಂದ ಬಂದ ತತ್ವ. ಆ ಮರ್ಜಿಗೆ ಹಾಕಿದ ಮೂಗುದಾರವೇ 311ನೇ ವಿಧಿ. ಅದು ಹೇಳೋದು ಮುಖ್ಯವಾಗಿ ಎರಡು ಮಾತು. ನೇಮಕ ಮಾಡಿದ ಅಧಿಕಾರಿಗಿಂತ ಕೆಳಗಿನವರು ವಜಾ ಮಾಡುವಂತಿಲ್ಲ. ಆರೋಪ ಏನು ಅಂತ ತಿಳಿಸಿ, ಉತ್ತರ ಹೇಳೋಕೆ ಸರಿಯಾದ ಅವಕಾಶ ಕೊಟ್ಟು, ವಿಚಾರಣೆ ನಡೆಸದೆ ವಜಾ ಮಾಡುವಂತಿಲ್ಲ. ತೆಗೀಬೇಡಿ ಅಂತ ಅದು ಎಲ್ಲೂ ಹೇಳಿಲ್ಲ. ಕೇಳಿ ತೆಗೀರಿ ಅಂದಿದೆ, ಅಷ್ಟೆ.

ಅದಕ್ಕೂ ವಿನಾಯಿತಿಗಳಿವೆ. ಕ್ರಿಮಿನಲ್ ಕೇಸಿನಲ್ಲಿ ಶಿಕ್ಷೆಯಾಗಿದ್ದರೆ ಅದೇ ಕಾರಣಕ್ಕೆ ವಿಚಾರಣೆ ಇಲ್ಲದೆ ತೆಗೆಯಬಹುದು. ವಿಚಾರಣೆ ನಡೆಸೋದು ಕಾರ್ಯಸಾಧ್ಯವೇ ಅಲ್ಲ ಅಂತ ಕಾರಣ ಬರೆದಿಟ್ಟು ತೆಗೆಯಬಹುದು. ದೇಶದ ಭದ್ರತೆಯ ಹೆಸರಲ್ಲೂ ತೆಗೆಯಬಹುದು. 1985ರ ತುಳಸಿರಾಮ್ ಪಟೇಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೆಲ್ಲ ಎತ್ತಿಹಿಡಿದಿದೆ. ಅಂದರೆ ಸರ್ಕಾರದ ಕೈ ಕಟ್ಟಿಹಾಕಿಲ್ಲ. ಮಾಮೂಲಿ ಪ್ರಕರಣದಲ್ಲಿ ಒಂದು ಸಲ ಆ ಮನುಷ್ಯನ ಮಾತು ಕೇಳು ಅಂದಿದ್ದಾರೆ. ನಮಗೆ ಅದೂ ಜಾಸ್ತಿ ಅನ್ನಿಸ್ತಿದೆ.

ಕೇಳದೆ ತೆಗೆದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಕೆಜಿಎಫ್‌ನಲ್ಲೇ ಒಂದು ಕಥೆ ಇದೆ. ಸಿನಿಮಾ ಅಲ್ಲ, ಕೋರ್ಟಿನ ದಾಖಲೆ. 1985ರ ಜೂನ್ 2ರಂದು ಭಾರತ್ ಗೋಲ್ಡ್ ಮೈನ್ಸ್‌ನ ಸೆಕ್ಯುರಿಟಿ ಅಧಿಕಾರಿಯೊಬ್ಬರ ಮನೆ ಮೇಲೆ ಪೊಲೀಸ್ ದಾಳಿ. 4.5 ಗ್ರಾಂ ಚಿನ್ನದ ಉಂಡೆ, ಚಿನ್ನ ಬೆರೆತ ಒಂದಿಷ್ಟು ಮರಳು ಸಿಕ್ಕಿತು ಅಂತ ಕೇಸು. ಮರುದಿನವೇ ಅಮಾನತು. ಕ್ರಿಮಿನಲ್ ಕೇಸು ಮುಗಿಯೋವರೆಗೆ ಇಲಾಖಾ ವಿಚಾರಣೆ ನಿಲ್ಲಿಸಿ ಅಂತ ಅವರು ಕೇಳಿಕೊಂಡರೂ ನಿಲ್ಲಲಿಲ್ಲ. ಅಮಾನತಾದವರಿಗೆ ಕೊಡಬೇಕಾದ ಜೀವನಾಧಾರ ಭತ್ಯೆಯನ್ನೂ ಕೊಡಲಿಲ್ಲ. ಕೇರಳದ ತಮ್ಮ ಊರಿನಲ್ಲಿದ್ದ ಅವರಿಗೆ ವಿಚಾರಣೆಗೆ ಬರೋಕೆ ಆರೋಗ್ಯವೂ ಇರಲಿಲ್ಲ, ದುಡ್ಡೂ ಇರಲಿಲ್ಲ. ಅವರಿಲ್ಲದೆಯೇ ವಿಚಾರಣೆ ಮುಗಿಸಿ 1986ರ ಜೂನ್‌ನಲ್ಲಿ ವಜಾ ಮಾಡಿದರು.

1987ರ ಫೆಬ್ರುವರಿಯಲ್ಲಿ ಕ್ರಿಮಿನಲ್ ಕೋರ್ಟು ಅವರನ್ನು ಖುಲಾಸೆ ಮಾಡಿತು. ದಾಳಿ ನಡೆಯಿತು, ಮಾಲು ಸಿಕ್ಕಿತು ಅನ್ನೋದೇ ಅಲ್ಲಿ ಸಾಬೀತಾಗಲಿಲ್ಲ. ಅಷ್ಟಾದರೂ ಕೆಲಸ ವಾಪಸ್ ಸಿಗಲಿಲ್ಲ. ಹೈಕೋರ್ಟಿನಲ್ಲಿ ಒಮ್ಮೆ ಗೆದ್ದು, ಮೇಲ್ಮನವಿಯಲ್ಲಿ ಸೋತು, ಕೊನೆಗೆ 1999ರ ಮಾರ್ಚ್ 30ರಂದು ಸುಪ್ರೀಂ ಕೋರ್ಟು ಅವರನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳಿ, ಬಾಕಿ ಸಂಬಳವನ್ನೆಲ್ಲ ಕೊಡಿ ಅಂದಿತು. ಸರ್ಕಾರಿ ಸ್ವಾಮ್ಯದ ಕಂಪನಿಯಾದ್ದರಿಂದ ಅದು 311ನೇ ವಿಧಿ ನೇರವಾಗಿ ಅನ್ವಯಿಸುವ ಜಾಗವಲ್ಲ. ಆದರೂ ಭತ್ಯೆ ಕೊಡದೆ ಉಪವಾಸ ಕೆಡವಿ ವಿಚಾರಣೆ ನಡೆಸೋದು ಬದುಕುವ ಹಕ್ಕಿಗೇ ವಿರುದ್ಧ ಅಂತ ಕೋರ್ಟು ಹೇಳಿತು. ಕೆಲಸಕ್ಕೆ ಸೇರಿದ ಮಾತ್ರಕ್ಕೆ ಮನುಷ್ಯ ತನ್ನ ಮೂಲಭೂತ ಹಕ್ಕುಗಳನ್ನು ಸರ್ಕಾರಕ್ಕೆ ಒತ್ತೆ ಇಟ್ಟಿರುವುದಿಲ್ಲ ಎಂದೂ ಹೇಳಿತು. ಸರಿಯಾಗಿ ಕೇಳಿದ್ದರೆ ಕೆಲವೇ ತಿಂಗಳಲ್ಲಿ ಮುಗಿಯಬಹುದಾಗಿದ್ದ ವಿಷಯ ಹದಿಮೂರು ವರ್ಷಕ್ಕೂ ಮೀರಿ ಎಳೆಯಿತು. ತೀರ್ಪು ಬಂದು ಎರಡು ವರ್ಷ ತುಂಬೋ ಮೊದಲೇ, 2001ರ ಫೆಬ್ರುವರಿಯಲ್ಲಿ, ಆ ಗಣಿಯೇ ಮುಚ್ಚಿಹೋಯಿತು.

ಇದು ಹಳೇ ಕಥೆ ಅಂತೀರಾ? ನಮ್ಮ ಮನೆಯದನ್ನೇ ಹೇಳ್ತೀನಿ. ನಮ್ಮಪ್ಪ ತಾಲ್ಲೂಕು ಕಚೇರಿಯೊಂದರಲ್ಲಿ ಎಸ್‌ಡಿಎ ಆಗಿದ್ದರು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ಜಮೀನಿನ ಕಡತ ಕಾಣೆಯಾಗಿ, ಅಪ್ಪ ಅಮಾನತಾದರು. ಊರಿಗೆ ಊರೇ ತೀರ್ಪು ಕೊಟ್ಟಾಗಿತ್ತು. ಕೋಣ ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನ. ದಿನಸಿ ಅಂಗಡಿಯವರು ಸಾಲದ ಪುಸ್ತಕ ಮುಚ್ಚಿಟ್ಟರು. ಅರ್ಧ ಸಂಬಳದಲ್ಲಿ ಅಮ್ಮ ಹೇಗೆ ಮನೆ ನಡೆಸಿದರು ಅಂತ ನಾನು ಈಗಲೂ ಕೇಳಿಲ್ಲ, ಧೈರ್ಯ ಇಲ್ಲ.

ದೋಷಾರೋಪಣಾ ಪಟ್ಟಿಯಲ್ಲಿ ಇಂಥ ದಿನ ಈ ಕಡತ ನಿಮ್ಮ ಕೈಗೆ ಬಂದಿದೆ ಅಂತ ತಾರೀಕು ಇತ್ತು. ವಿಚಾರಣೆಯಲ್ಲಿ ಅಪ್ಪ ಕೇಳಿದ್ದು ಎರಡೇ ದಾಖಲೆ: ಆ ದಿನದ ಹಾಜರಿ ಪುಸ್ತಕ ಮತ್ತು ಟಪಾಲು ಪುಸ್ತಕ. ಆ ದಿನ ಅವರು ರಜೆಯಲ್ಲಿದ್ದರು. ತಂಗಿಗೆ ಜ್ವರ ಬಂದು ಆಸ್ಪತ್ರೆಯಲ್ಲಿದ್ದೆವು. ಟಪಾಲು ಪುಸ್ತಕದಲ್ಲಿದ್ದ ಸಹಿ ಬೇರೆಯವರದು. ಪಾಟೀ ಸವಾಲಿನಲ್ಲಿ ಸಾಕ್ಷಿ ಅದನ್ನು ಒಪ್ಪಿಕೊಂಡ. ಅಪ್ಪ ದೋಷಮುಕ್ತರಾದರು.

ನಮ್ಮಪ್ಪ ಹೀರೋ ಏನಲ್ಲ. ಆ ಎರಡು ಪುಸ್ತಕ ತರಿಸಿ ಅಂತ ಕೇಳೋ ಹಕ್ಕು ಅವರಿಗಿತ್ತು, ಅಷ್ಟೆ. ಆ ಹಕ್ಕಿನ ಮೇಲೆ ಓದಿ ಇಂಜಿನಿಯರ್ ಆದ ಮಗ, ಬೇರೆಯವರಪ್ಪನ ವಿಷಯ ಬಂದಾಗ "ಇವತ್ತೇ ಮನೆಗೆ ಕಳಿಸಿ" ಅನ್ನೋದಕ್ಕೆ ಹೆಬ್ಬೆರಳು ಒತ್ತಿದ್ದೆ!

"ಸರಿ ಗುರೂ, ಆದರೆ ವಿಚಾರಣೆ ವರ್ಷಗಟ್ಟಲೆ ನಡೆಯುತ್ತಲ್ಲ? ಅಷ್ಟರೊಳಗೆ ಕಳ್ಳ ಅದೇ ಕುರ್ಚಿಗೆ ವಾಪಸ್ ಬಂದಿರ್ತಾನಲ್ಲ?" ನಿಜ, ಬರ್ತಾನೆ. ಆದರೆ ತಡ ಮಾಡೋದು ಯಾರು? ಎಷ್ಟೋ ಕಡೆ ಇಲಾಖೆಯೇ. ವಿಚಾರಣಾಧಿಕಾರಿಯನ್ನು ನೇಮಿಸೋದು ತಡ, ದಾಖಲೆ ಕೊಡೋದು ತಡ, ವರದಿ ಬಂದ ಮೇಲೆ ಆದೇಶ ಹೊರಡಿಸೋದೂ ತಡ. ಮೂರು ತಿಂಗಳೊಳಗೆ ದೋಷಾರೋಪಣಾ ಪಟ್ಟಿ ಕೊಡದಿದ್ದರೆ ಅಮಾನತು ಮುಂದುವರಿಸಬಾರದು ಅಂತ ಸುಪ್ರೀಂ ಕೋರ್ಟು 2015ರಲ್ಲಿ ಹೇಳಿದೆ. ಇಲಾಖಾ ವಿಚಾರಣೆಯನ್ನು ಆದಷ್ಟು ಆರು ತಿಂಗಳಲ್ಲಿ, ಆಗದಿದ್ದರೆ ಒಂದು ವರ್ಷದೊಳಗೆ ಮುಗಿಸಬೇಕು ಅಂತಲೂ ಅದೇ ವರ್ಷ ಹೇಳಿದೆ. ಇದನ್ನು ಪಾಲಿಸಿ ಅಂತ ನಾವು ಗಲಾಟೆ ಮಾಡಬೇಕು. ಅದು ಬಿಟ್ಟು ವಿಚಾರಣೆಯೇ ಬೇಡ ಅನ್ನೋದು, ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ ಹಾಗೆ.

ಇನ್ನೊಂದು ಮಾತು. ಕೇಳದೆ ತೆಗೆಯೋ ಅಧಿಕಾರ ಕೊಟ್ಟರೆ ಮೊದಲು ಹೋಗೋನು ಲಂಚಕೋರ ಅಂದುಕೊಂಡಿದ್ದೀರಾ? ಅವನಿಗೆ ಮೇಲೆ ಜನ ಇರ್ತಾರೆ. ಮೊದಲು ಹೋಗೋದು ಕೆರೆ ಒತ್ತುವರಿ ಕಡತಕ್ಕೆ ಸಹಿ ಹಾಕಲ್ಲ ಅಂದ ಸರ್ವೇಯರ್. ಈಗ ಅವನನ್ನು ಎತ್ತಂಗಡಿ ಮಾಡಬಹುದು, ಕಾಟ ಕೊಡಬಹುದು, ಆದರೆ ಒಂದು ಫೋನ್ ಕಾಲಿನಲ್ಲಿ ವಜಾ ಮಾಡೋಕೆ ಆಗಲ್ಲ. ನಿಮ್ಮ ಅಪಾರ್ಟ್‌ಮೆಂಟಿಗೆ ಮಳೆಗಾಲದಲ್ಲಿ ನೀರು ನುಗ್ಗಬಾರದು ಅಂದ್ರೆ ಅವನಿಗೆ ಆ ಧೈರ್ಯ ಇರಬೇಕು.

ಕೊನೆಗೆ ನಮ್ಮ ವಿಷಯ. ಎರಡು ವರ್ಷದ ಹಿಂದೆ ನನ್ನನ್ನೂ ತೆಗೆದರು. ಹನ್ನೆರಡು ನಿಮಿಷದ ವಿಡಿಯೋ ಕಾಲ್. "ಪರ್ಫಾರ್ಮೆನ್ಸ್" ಅಂದ್ರು. ಯಾವ ಕೆಲಸದಲ್ಲಿ, ಯಾವಾಗ, ಯಾರು ಹೇಳಿದ್ದು ಅಂತ ಕೇಳಿದೆ. ಉತ್ತರ ಬರೋ ಮೊದಲೇ ಲ್ಯಾಪ್‌ಟಾಪ್ ಲಾಕ್ ಆಯ್ತು. ಅವತ್ತು ರಾತ್ರಿ ನೆನಪಾಗಿದ್ದು ಅಪ್ಪನ ಹಾಜರಿ ಪುಸ್ತಕ. ನನಗೆ ತರಿಸೋಕೆ ಯಾವ ಪುಸ್ತಕವೂ ಇರಲಿಲ್ಲ.

ದುರ್ನಡತೆ ಅಂತ ಕೆಲಸಗಾರನನ್ನು ತೆಗೆಯೋ ಮೊದಲು ಆರೋಪ ತಿಳಿಸಿ ಉತ್ತರ ಕೇಳಬೇಕು ಅನ್ನೋ ನಿಯಮ ಖಾಸಗಿ ವಲಯಕ್ಕೂ 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯ ಮೂಲಕ ಬಂದಿತ್ತು. ಕರ್ನಾಟಕದ ಐಟಿ ಕಂಪನಿಗಳಿಗೆ ಸರ್ಕಾರಗಳು ಅದರಿಂದ ಮತ್ತೆ ಮತ್ತೆ ವಿನಾಯಿತಿ ಕೊಡುತ್ತಾ ಬಂದವು. ಆಗ ನಾವು ಯಾರೂ ಕೇಳಲಿಲ್ಲ. ಅದೇ ನಾವು ಈಗ, ನಮಗಿಲ್ಲದ್ದು ಗುಮಾಸ್ತನಿಗೆ ಯಾಕೆ ಅಂತ ಕೇಳ್ತಿದ್ದೀವಿ. ಅವನಿಗೆ ಇರೋದು ನಮಗೆ ಯಾಕಿಲ್ಲ ಅಂತ ಕೇಳಬೇಕಿತ್ತು. ಹೊರಗುತ್ತಿಗೆಯಲ್ಲಿ ಸರ್ಕಾರದ್ದೇ ಕಚೇರಿ ಗುಡಿಸೋ, ಡಾಟಾ ಎಂಟ್ರಿ ಮಾಡೋ ಹೆಂಗಸಿಗೆ ಯಾಕಿಲ್ಲ ಅಂತಲೂ ಕೇಳಬೇಕಿತ್ತು. ಅವಳಿಗೂ 311ರ ರಕ್ಷಣೆ ಇಲ್ಲ.

ಮುಂದಿನ ಸಲ ಆ ಗುಂಪಿನಲ್ಲಿ ಯಾರಾದರೂ "ಇವತ್ತೇ ಕಳಿಸಿ" ಅಂದ್ರೆ ನಾನು ಒಂದೇ ಸಾಲು ಬರೀತೀನಿ: ಕಳಿಸೋಣ, ಆದರೆ ಮೊದಲು ಅವನು ಹೇಳೋದನ್ನ ಕೇಳೋಣ. ಹೆಬ್ಬೆರಳು ಬರದಿದ್ದರೂ ಪರವಾಗಿಲ್ಲ.