ಆರೋಗ್ಯ ಅಂಕಣ: ಅಜ್ಜಿಯನ್ನು ಒಮ್ಮೆ ಕೇಳಿ



ನಮ್ಮ ಸಂಘದ ಸದಸ್ಯರೊಬ್ಬರ ಮಗಳು ಈಚೆಗೆ ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ಫಾರಂ ತುಂಬುತ್ತಿದ್ದಳು. ‘ಕುಟುಂಬದಲ್ಲಿ ಯಾರಿಗಾದರೂ ಕ್ಯಾನ್ಸರ್ ಆಗಿತ್ತೇ?’ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಬರೆದಳು. ರಜೆಗೆ ರಾಯಚೂರಿಗೆ ಹೋದಾಗ ಅಜ್ಜಿ ಮಾತಿನ ನಡುವೆ, “ನಿಮ್ಮ ಸೋದರತ್ತಿ ಹೊಟ್ಟ್ಯಾಗ ನೀರು ತುಂಬಿ ಹೋದ್ಲವ್ವ, ಇನ್ನೂ ನಲವತ್ತೈದು ಆಗಿದ್ದಿಲ್ಲ” ಎಂದರು. ಹಳೆಯ ಕಾಗದ ತೆಗೆದು ನೋಡಿದರೆ ಅದು ಅಂಡಾಶಯದ ಕ್ಯಾನ್ಸರ್!

ಈ ರೋಗ ಅಂಡಾಶಯದಲ್ಲೇ ಹುಟ್ಟುತ್ತದೆಂದು ವೈದ್ಯರು ಬಹುಕಾಲ ನಂಬಿದ್ದರು. ಅನುವಂಶಿಕ ಅಪಾಯವಿದ್ದ ಮಹಿಳೆಯರಿಂದ ಮುನ್ನೆಚ್ಚರಿಕೆಗಾಗಿ ತೆಗೆದ ಅಂಗಗಳನ್ನು ಹಾಲೆಂಡಿನ ಸಂಶೋಧಕರು ಪರೀಕ್ಷಿಸಿ 2001ರಲ್ಲಿ ವರದಿ ಮಾಡಿದರು: ಕೆಡಲು ತೊಡಗಿದ ಜೀವಕೋಶಗಳಿದ್ದುದು ಪಕ್ಕದ ಅಂಡನಾಳದಲ್ಲಿ. ಹೆಚ್ಚಾಗಿ ಕಾಣುವ ಬಗೆಯ ಅಂಡಾಶಯ ಕ್ಯಾನ್ಸರ್ ಬಹುಪಾಲು ಈ ನಾಳದ ತುದಿಯಲ್ಲಿ ಮೊದಲಾಗಿ ಅಂಡಾಶಯಕ್ಕೆ ಹರಡುತ್ತದೆ ಎಂಬುದು ಇಂದಿನ ತಿಳಿವಳಿಕೆ. ಇದಕ್ಕೆ ಸರಾಸರಿ ಆರೂವರೆ ವರ್ಷ ಹಿಡಿಯುತ್ತದೆಂದು 2017ರ ಅಧ್ಯಯನವೊಂದರ ಅಂದಾಜು.

ಅಷ್ಟು ಕಾಲಾವಕಾಶವಿದ್ದರೂ ಹಿಡಿಯುವುದು ಕಷ್ಟ. ಆಗ ನೋವಿರದು, ಸ್ಕ್ಯಾನಿಂಗಿನಲ್ಲೂ ಕಾಣದು. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು. ವರ್ಷವರ್ಷವೂ ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಿದರೂ ಸಾವು ಕಡಿಮೆಯಾಗಲಿಲ್ಲ.

ಹಾಗಾದರೆ ಮುನ್ಸೂಚನೆ ಎಲ್ಲಿದೆ? ಮನೆತನದ ಕಥೆಯಲ್ಲಿ. ಬಿ.ಆರ್.ಸಿ.ಎ. 1 ಮತ್ತು 2 ಎಂಬ ಜೀನ್‌ಗಳಲ್ಲಿ ದೋಷವಿದ್ದರೆ ಈ ಅಪಾಯ ಬಹಳ ಹೆಚ್ಚು. ಈ ದೋಷ ತಾಯಿಯಿಂದಷ್ಟೇ ಅಲ್ಲ, ತಂದೆಯಿಂದಲೂ ಬರುತ್ತದೆ. ಪ್ರತಿ ಮಗುವಿಗೂ ಸಾಧ್ಯತೆ ಅರ್ಧಕ್ಕರ್ಧ. ಆದ್ದರಿಂದ ಹುಡುಗರೇ, ಇದು ‘ಹೆಂಗಸರ ವಿಷಯ’ ಎಂದು ಪುಟ ತಿರುವಬೇಡಿ.

ದೋಷ ಪತ್ತೆಯಾದವರಿಗೆ ದಾರಿಯಿದೆ. ಮಕ್ಕಳಾದ ಮೇಲೆ, ಸಾಮಾನ್ಯವಾಗಿ 35ರಿಂದ 45ರ ವಯಸ್ಸಿನೊಳಗೆ, ಅಂಡನಾಳ ಮತ್ತು ಅಂಡಾಶಯಗಳನ್ನು ತೆಗೆಸಿಕೊಂಡರೆ ಅಪಾಯ ಬಹುಪಾಲು ತಗ್ಗುತ್ತದೆ. ಮನೆಯಲ್ಲಿ ಅಂಥ ಇತಿಹಾಸವಿದ್ದರೆ ರೆಡ್ ಹಿಲ್ಸ್‌ನ ಸರ್ಕಾರಿ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆಯಲ್ಲಾಗಲಿ ಬೇರೆಡೆಯಾಗಲಿ ತಜ್ಞರ ಸಲಹೆ ಕೇಳಿ.

ನಮ್ಮ ಹಿರಿಯರು ‘ಕ್ಯಾನ್ಸರ್’ ಎಂಬ ಹೆಸರು ಹೇಳುವುದಿಲ್ಲ. ‘ಗಡ್ಡೆ ಆಗಿತ್ತು’, ‘ಹೊಟ್ಟೆ ಉಬ್ಬಿತ್ತು’ ಎನ್ನುತ್ತಾರೆ. ಇಂಗ್ಲಿಷಿನ ಫಾರಂ ಅವರನ್ನು ಮಾತನಾಡಿಸಲಾರದು; ನಿಮ್ಮ ಕನ್ನಡ ಮಾತನಾಡಿಸಬಲ್ಲದು. ಯಾರಿಗೆ, ಯಾವ ವಯಸ್ಸಿನಲ್ಲಿ, ಏನಾಗಿತ್ತು ಎಂದು ಕೇಳಿ ಬರೆದಿಡಿ.

ಆ ಹುಡುಗಿ ಫಾರಂ ತಿದ್ದಿದಳು. ಜೀನ್ ಪರೀಕ್ಷೆಗೆ ಮೊದಲು ರಕ್ತ ಕೊಟ್ಟವರು ಅವಳ ಅಪ್ಪ.